ಊರಿಗೂ ಒಂದು ಹುಟ್ಟುಹಬ್ಬ ಬೇಡವೇ?

ಮನುಷ್ಯನ ಹುಟ್ಟುಹಬ್ಬಕ್ಕೆ ತಕರಾರಿಲ್ಲ. ಹುಟ್ಟಿದ್ದನ್ನು ಕಂಡವರು ಒಬ್ಬರಾದರೂ ಇರುತ್ತಾರೆ. ತಾರೀಖು ಮರೆತರೂ ‘ಸುಗ್ಗಿ ಮುಗಿದಿತ್ತು, ಕಣದಲ್ಲಿ ಹುಲ್ಲು ಮೆದೆ ಹಾಕ್ತಿದ್ದೋ’ ಎಂದು ಅಜ್ಜಿ ಹೇಳಿದರೆ ತಿಂಗಳಾದರೂ ಸಿಗುತ್ತದೆ. ಊರಿನ ಸಂಗತಿ ಹಾಗಲ್ಲ ನೋಡಿ. ಯಾವ ಊರಿನ ಹಿರಿಯರನ್ನಾದರೂ ಕೇಳಿ, ಈ ಊರು ಹುಟ್ಟಿದ್ದು ಯಾವಾಗ ಅಂತ. ‘ನಮ್ಮ ತಾತನ ಕಾಲಕ್ಕೇ ಇತ್ತಲ್ಲಪ್ಪ’ ಎನ್ನುತ್ತಾರೆ. ಆ ತಾತ ಇದ್ದಿದ್ದರೆ ತನ್ನ ತಾತನ ಕಡೆ ಕೈ ತೋರಿಸುತ್ತಿದ್ದ. ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಕೊನೆಗೆ ಸಿಗುವುದು ಒಂದು ಹುತ್ತ, ಒಂದು ಹಸು, ಇಲ್ಲವೇ ಒಂದು ಮೊಲ.

ಮೊಲದ ಕಥೆ ನಿಮಗೆ ಗೊತ್ತೇ ಇರುತ್ತದೆ. ಬೇಟೆ ನಾಯಿ ಮೊಲವನ್ನು ಅಟ್ಟಿಕೊಂಡು ಹೋಗುತ್ತದೆ, ಒಂದು ಜಾಗಕ್ಕೆ ಬಂದೊಡನೆ ಮೊಲವೇ ತಿರುಗಿ ನಿಂತು ನಾಯಿಯನ್ನು ಓಡಿಸುತ್ತದೆ. ಇದು ಗಂಡುಭೂಮಿ, ಇಲ್ಲೇ ಊರು ಕಟ್ಟು ಎಂದು ಗುರುಗಳ ಅಪ್ಪಣೆಯಾಗುತ್ತದೆ. ಹಂಪೆಗೆ ಈ ಕಥೆ ಇದೆ, ಇನ್ನೂ ಎಷ್ಟೋ ಊರಿಗೆ ಇದೆ. ಹಸು ಹುತ್ತದ ಮೇಲೆ ಹಾಲು ಸುರಿಸಿದ ಕಥೆ ಕೆಳದಿಯದು. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು ಅಗೆದು ನೋಡಿದರೆ ಹುತ್ತದೊಳಗೆ ಲಿಂಗ. ಇವು ನಡೆದವೋ ಇಲ್ಲವೋ ಎಂದು ಜಗಳಕ್ಕೆ ಕೂರುವವರ ಜೊತೆ ನಾನು ಸೇರುವುದಿಲ್ಲ. ಕಾಡಿನ ನಡುವೆ ಮೊದಲ ಗುಡಿಸಲು ಹಾಕಿದವನಿಗೆ ಧೈರ್ಯ ಬೇಕಿತ್ತು. ಆ ಧೈರ್ಯ ಕೊಟ್ಟದ್ದು ಮೊಲವಾದರೆ ಮೊಲಕ್ಕೂ ಒಂದು ನಮಸ್ಕಾರ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಮೈಸೂರು ಜಿಲ್ಲೆಯಲ್ಲಿ ಒಂದು ಊರಿದೆ. ಅದಕ್ಕೆ ಹಸುವೂ ಇಲ್ಲ, ಮೊಲವೂ ಇಲ್ಲ. ಅದು ಹೇಗೆ ಹುಟ್ಟಿತು, ಯಾಕೆ ಹುಟ್ಟಿತು ಎಂಬುದು ಜನರಿಗೆ ಚೆನ್ನಾಗಿ ಗೊತ್ತು. ಅದೇ ಕೃಷ್ಣರಾಜನಗರ, ಬಸ್ಸಿನ ಬೋರ್ಡಿನ ಮೇಲೆ, ಜನರ ಬಾಯಲ್ಲಿ ಕೆ.ಆರ್. ನಗರ. ಊರು ಸಣ್ಣದು, ಸುತ್ತ ಭತ್ತದ ಗದ್ದೆ, ನಾಲೆ, ತೆಂಗು. ಈ ಸೀಮೆಯನ್ನು ಭತ್ತದ ಕಣಜ ಎನ್ನುತ್ತಾರೆ. ಆ ಊರಿಗೆ ಈಗ ನೂರರ ಆಸುಪಾಸಿನ ಪ್ರಾಯ. ನೂರು ತುಂಬಿದ ಹಿರಿಯರು ಮನೆಯಲ್ಲಿದ್ದರೆ ಸುಮ್ಮನಿರುತ್ತೀರಾ? ಊರಿನವರು ನಾಲ್ಕು ಜನ ಸೇರಿದಲ್ಲಿ ಆ ಮಾತು ಬಂದೇ ಬರುತ್ತದೆ: ಏನಾದರೂ ಮಾಡಬೇಕಲ್ಲವಾ?

ಅದಕ್ಕೂ ಮೊದಲು, ಈ ಊರಿನವರು ಬಿಟ್ಟು ಬಂದ ಹಳೇ ಊರಿನ ಮಾತು. ಕಾವೇರಿ ದಂಡೆಯ ಮೇಲೆ ಎಡತೊರೆ. ತಾಲೂಕಿನ ಕಚೇರಿ ಇದ್ದದ್ದು ಅಲ್ಲೇ, ತಾಲೂಕಿಗೆ ಹೆಸರೂ ಅದರದೇ. ಹೊಳೆ ದಂಡೆಯ ಮೇಲೆ ಅರ್ಕೇಶ್ವರನ ದೇವಸ್ಥಾನ. ಬೆಳಗ್ಗೆ ಸ್ನಾನಕ್ಕೆ ಹೊಳೆ, ಬಟ್ಟೆಗೆ ಹೊಳೆ, ದೇವರ ಅಭಿಷೇಕಕ್ಕೂ ಹೊಳೆ. ಇಷ್ಟು ಕೊಟ್ಟ ಹೊಳೆ 1924ರ ಜುಲೈಯಲ್ಲಿ ಉಕ್ಕಿ ಬಂತು. ಅದು ದಕ್ಷಿಣಕ್ಕೆಲ್ಲ ದೊಡ್ಡ ನೆರೆ. ಕೇರಳದವರು ಇಂದಿಗೂ ಅದನ್ನು ‘ತೊಂಬತ್ತೊಂಬತ್ತರ ಪ್ರವಾಹ’ ಎನ್ನುತ್ತಾರೆ, ಅವರ ಕೊಲ್ಲಂ ಪಂಚಾಂಗದಲ್ಲಿ ಅದು 1099ನೇ ವರ್ಷ. ಇನ್ನೊಂದು ಸಂಗತಿ ಕೇಳಿ. ಕಾವೇರಿ ನೀರಿನ ಬಗ್ಗೆ ಮೈಸೂರು ಮತ್ತು ಮದರಾಸು ಒಪ್ಪಂದಕ್ಕೆ ಸಹಿ ಹಾಕಿದ್ದೂ ಅದೇ 1924ರಲ್ಲೇ, ಫೆಬ್ರವರಿಯಲ್ಲಿ. ಯಾರಿಗೆ ಎಷ್ಟು ನೀರು ಎಂದು ಬರೆದ ಶಾಯಿ ಆರಿ ಐದು ತಿಂಗಳಾಗಿತ್ತು, ಅಷ್ಟೆ.

ನೆರೆ ಇಳಿದ ಮೇಲೆ ಎಡತೊರೆಯಲ್ಲೇ ಮತ್ತೆ ಗೋಡೆ ಎತ್ತಿಸಬಹುದಿತ್ತು. ಹಾಗೆ ಮಾಡಲಿಲ್ಲ. ಹೊಳೆಯಿಂದ ದೂರದಲ್ಲಿ ಹೊಸ ಜಾಗ ನೋಡಿ, 1925ರಿಂದ 30ರ ನಡುವೆ ಹೊಸ ಊರನ್ನೇ ಎಬ್ಬಿಸಿದರು. ಆಗ ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು, ಅವರ ಹೆಸರನ್ನೇ ಊರಿಗೆ ಇಟ್ಟರು. 1926ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾದರು. ಊರನ್ನು ಅಂದವಾಗಿ ಕಟ್ಟಬೇಕು ಎಂದು ಆಡಳಿತ ಮನಸ್ಸಿಟ್ಟ ಕಾಲ ಅದು. ಕೆ.ಆರ್. ನಗರದ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ಹಳೇ ಊರುಗಳ ಹಾಗೆ ದನ ನಡೆದ ದಾರಿಯೇ ಬೀದಿಯಾದದ್ದಲ್ಲ; ಮೊದಲು ಗೆರೆ, ಆಮೇಲೆ ಮನೆ.

ಬಂದ ಕಷ್ಟವೇ ಊರು ಕಟ್ಟಿಸುವುದು ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳನ್ನು ಪ್ರೀತಿಯಿಂದ ಹೊಗಳುತ್ತೇವಲ್ಲ, ಆ ಮರಗಳ ಸಾಲು, ಆ ಅಗಲ ರಸ್ತೆ? 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ ಬೆಳೆದ ಬಡಾವಣೆಗಳು ಅವು. ಹಳ್ಳಿಯ ಮುದುಕರು ಇಸವಿ ಹೇಳುವುದು ಕಡಿಮೆ. ಪ್ಲೇಗಿನ ವರ್ಷ, ಬರದ ವರ್ಷ, ಹೊಳೆ ಬಂದ ವರ್ಷ ಎಂದೇ ಅವರ ಲೆಕ್ಕ. ಮದುವೆ, ಬಾಣಂತನ, ಜಮೀನಿನ ವ್ಯವಹಾರ ಎಲ್ಲವೂ ಇಂಥ ಗೂಟಗಳಿಗೇ ಕಟ್ಟಿರುತ್ತವೆ.

ನಮ್ಮ ನೆಂಟರ ಪೈಕಿ ದೊಡ್ಡಮ್ಮ ಒಬ್ಬರ ಮನೆಯ ತಲೆಬಾಗಿಲು ನೆನಪಾಗುತ್ತಿದೆ. ಮನೆ ಇರುವುದು ಹೊಸ ಊರಿನಲ್ಲಿ, ಬಾಗಿಲು ಎಡತೊರೆಯದು. ನೆರೆ ಇಳಿದ ಮೇಲೆ ಅವರ ಮಾವನವರು ಚೌಕಟ್ಟು ಸಮೇತ ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಬಂದರಂತೆ. ಹಲಸಿನ ಮರದ ಬಾಗಿಲು, ಕೈ ಸವೆಸಿ ನುಣುಪಾದ ಹಿತ್ತಾಳೆ ಚಿಲಕ. ಮೊಣಕಾಲಿನ ಎತ್ತರದವರೆಗೆ ಮರದ ಬಣ್ಣ ಒಂದು, ಅಲ್ಲಿಂದ ಮೇಲಕ್ಕೆ ಇನ್ನೊಂದು. ಕೆಳಗಿನ ಭಾಗ ಕಪ್ಪಗಿದೆ, ಹೊಳೆನೀರು ನಿಂತ ಗುರುತು. ಎಷ್ಟು ಎಣ್ಣೆ ಹಚ್ಚಿದರೂ ಹೋಗಿಲ್ಲ. ದೊಡ್ಡಮ್ಮ ಹಬ್ಬದ ದಿನ ಹೊಸ್ತಿಲಿಗೆ ಅರಿಸಿನ ಬಳಿದು ಕುಂಕುಮ ಇಟ್ಟು, ಆ ಕಪ್ಪು ಗೆರೆಗೂ ಒಂದು ಬೊಟ್ಟು ಇಡುತ್ತಾರೆ. ‘ಇದ್ಯಾಕೆ ದೊಡ್ಡಮ್ಮ?’ ಅಂದರೆ, ‘ಅಲ್ಲೀವರೆಗೆ ಬಂದು ನಿಂತ್ಕೊಂಡ್ಳಲ್ಲಪ್ಪ ತಾಯಿ, ಮೇಲಕ್ಕೆ ಬರ್ಲಿಲ್ವಲ್ಲ’ ಎನ್ನುತ್ತಾರೆ. ಮನೆ ಮುಳುಗಿಸಿದ ಹೊಳೆಯನ್ನೇ ತಾಯಿ ಅನ್ನುವ ಈ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ತಾರೀಖಿನ ಪ್ರಶ್ನೆ. ಇಂಥ ಊರಿನ ಹುಟ್ಟುಹಬ್ಬವನ್ನು ಯಾವತ್ತು ಮಾಡಬೇಕು? ಒಂದು ಸಂಜೆ ಜಗಲಿಯ ಮೇಲೆ ಈ ಮಾತು ಬಂದು, ಕಾಫಿ ಆರಿಹೋದರೂ ಚರ್ಚೆ ಆರಲಿಲ್ಲ. ನಿವೃತ್ತ ಮೇಷ್ಟ್ರು, ‘ಮೊದಲ ನಿವೇಶನ ಹಂಚಿದ ದಿನ ಹುಡುಕಿ, ದಾಖಲೆ ಸಿಕ್ಕೇ ಸಿಗುತ್ತೆ’ ಅಂದರು. ಗದ್ದೆ ಕಡೆಯಿಂದ ಬಂದ ಯಜಮಾನರು ಟವೆಲ್ಲು ಕೊಡವಿ, ‘ಅದ್ಯಾಕ್ ಮೇಷ್ಟ್ರೇ? ಹೊಳೆ ಬಂದ ದಿನವೇ ಈ ಊರು ಹುಟ್ಟಿದ್ದು. ಹೊಳೆ ಬರ್ದಿದ್ರೆ ನಾವು ಯಾಕೆ ಎದ್ದು ಬರ್ತಿದ್ದೋ?’ ಅಂದರು. ಒಳಗಿನಿಂದ ಚಕ್ಕುಲಿ ತಟ್ಟೆ ತಂದಿಟ್ಟ ದೊಡ್ಡಮ್ಮ, ‘ಮುಳುಗಿದ ದಿನ ಯಾರಾದ್ರೂ ಹಬ್ಬ ಮಾಡ್ತಾರಾ? ರಥಸಪ್ತಮಿ ಇದೆಯಲ್ಲ, ಅವತ್ತೇ ಮಾಡಿ’ ಎಂದು ಹೇಳಿ ಹೋದರು.

ನನ್ನ ಓಟು ದೊಡ್ಡಮ್ಮನಿಗೆ. ಯಾಕೆಂದರೆ ಊರು ಎದ್ದು ಬಂದರೂ ದೇವರು ಎದ್ದು ಬರಲಿಲ್ಲ. ಅರ್ಕೇಶ್ವರ ಇಂದಿಗೂ ಹೊಳೆ ದಂಡೆಯ ಮೇಲೇ ಇದ್ದಾನೆ, ರಥಸಪ್ತಮಿಗೆ ಅವನ ತೇರು ಅಲ್ಲೇ ಎಳೆಯುತ್ತಾರೆ. ಹಳೇ ಊರಿಗೂ ಹೊಸ ಊರಿಗೂ ನಂಟು ಉಳಿದಿರುವುದು ಆ ತೇರಿನ ಮಿಣಿಯಿಂದ. ಮತ್ತೆ ರಥಸಪ್ತಮಿ ಬರುವ ಕಾಲ ಎಂಥದ್ದು ಹೇಳಿ! ಭತ್ತ ಒಕ್ಕಣೆಯಾಗಿ ಮನೆ ತುಂಬಿರುತ್ತದೆ. ಚುಂಚನಕಟ್ಟೆ ಜಾತ್ರೆಗೆ ಹೋದವರು ಹೊಸ ಜೋಡಿ ಎತ್ತು ಹೊಡೆದುಕೊಂಡು ಬಂದಿರುತ್ತಾರೆ. ಬೆಳಗಿನ ಜಾವ ಮಕ್ಕಳ ತಲೆ, ಹೆಗಲ ಮೇಲೆ ಎಕ್ಕದ ಎಲೆ ಇಟ್ಟು ನೀರು ಹುಯ್ಯುತ್ತಾರೆ. ಮಕ್ಕಳು ಚಳಿಗೆ ಕಿರುಚುತ್ತಾರೆ. ಅಡುಗೆಮನೆಯಲ್ಲಿ ಅವರೆಕಾಯಿ ಸೊಗಡು. ಹಿತಕಿದಬೇಳೆ ಸಾರು, ಮುದ್ದೆ, ಮೇಲೆ ತುಪ್ಪ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ದಾಖಲೆ ಕೋಣೆಯಲ್ಲಿ ಸಿಗುತ್ತದೆ?

ಕೆ.ಆರ್. ನಗರದ ಪಕ್ಕದಲ್ಲೇ ಪಿರಿಯಾಪಟ್ಟಣ. ಅಲ್ಲಿಗೂ ಒಂದು ಊರಿನ ಹುಟ್ಟಿಗೂ ಸಂಬಂಧವಿದೆ. ಕೊಡಗಿನ ದೊಡ್ಡವೀರರಾಜೇಂದ್ರ ಅಲ್ಲೇ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡದ್ದು. ಆಮೇಲೆ ಇಂಗ್ಲಿಷರ ಸೇನಾಪತಿ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ 1792ರಲ್ಲಿ ವೀರರಾಜೇಂದ್ರಪೇಟೆ ಕಟ್ಟಿಸಿದ. ಅದೇ ಇವತ್ತಿನ ವಿರಾಜಪೇಟೆ. ತನ್ನ ವಂಶದ ಕಥೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲೇ ಬರೆಸಿದ. ಊರು ಕಟ್ಟಿಸಿದವನು ಬರೆದಿಡಿಸಲೂ ಮನಸ್ಸು ಮಾಡಿದ್ದು ನೋಡಿ. ಇನ್ನು ಚಾಮರಾಜನಗರ. ಅಲ್ಲಿ ಅರಿಕುಠಾರ ಎಂಬ ಊರು ಮೊದಲೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು, ತಂದೆ ಚಾಮರಾಜರು ಹುಟ್ಟಿದ ಊರೆಂದು 1818ರಲ್ಲಿ ಆ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೇವಸ್ಥಾನ ಆಯಿತು. ಆ ಊರಿನವರು ಆಚರಿಸುವುದಾದರೆ ಹುಟ್ಟಿದ ದಿನವನ್ನೋ, ನಾಮಕರಣದ ದಿನವನ್ನೋ? ಎರಡನ್ನೂ ಮಾಡಲಿ ಬಿಡಿ. ಒಬ್ಬಟ್ಟು ಎರಡು ಸಲ ಆಗುವುದರಿಂದ ಯಾರಿಗೇನು ತೊಂದರೆ?

ಊರಿನ ಹುಟ್ಟುಹಬ್ಬ ಎಂದರೆ ಬರೀ ಪೆಂಡಾಲು, ಮೈಕು ಎನ್ನುವವರಿದ್ದಾರೆ. ಅವರು ಹಂಪೆಯ ಮಾತು ಕೇಳಬೇಕು. ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ ಎಂದು ಲೆಕ್ಕ ಹಿಡಿದು, 1936ರಲ್ಲಿ ಅದರ ಆರುನೂರನೆಯ ವರ್ಷದ ಉತ್ಸವ ಮಾಡಿದರು. ಆಗ ಕನ್ನಡಿಗರು ಮುಂಬೈ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಚೂರುಚೂರಾಗಿ ಹಂಚಿಹೋಗಿದ್ದರು. ಆಲೂರು ವೆಂಕಟರಾಯರಂಥವರು ಹಚ್ಚಿದ ಏಕೀಕರಣದ ಹಂಬಲಕ್ಕೆ ಆ ಉತ್ಸವ ಎಣ್ಣೆ ಹೊಯ್ದಿತು. ಇಪ್ಪತ್ತು ವರ್ಷ ಕಳೆದು, 1956ರ ನವೆಂಬರ್ 1ರಂದು ನಾಡು ಒಂದಾಯಿತು. ಪಾಳು ಬಿದ್ದ ಊರಿನ ಹುಟ್ಟುಹಬ್ಬಕ್ಕೇ ಅಷ್ಟು ಕಸುವಿದ್ದರೆ, ಜನ ತುಂಬಿ ಬಾಳುವ ಊರಿನ ಹುಟ್ಟುಹಬ್ಬಕ್ಕೆ ಇನ್ನೆಷ್ಟಿರಬೇಡ?

ಆದರೆ ಹಬ್ಬದ ದಿನ ನೆನೆಯಬೇಕಾದದ್ದು ದೊರೆ, ದಿವಾನರನ್ನು ಮಾತ್ರ ಅಲ್ಲ. ಗೆರೆ ಎಳೆದವರು ಅವರು ಸರಿ. ಮಣ್ಣು ಹೊತ್ತವರು ಯಾರು? ಮೊದಲ ಬಾವಿ ತೋಡಿದವರು? ಚರಂಡಿ ಬಳಿದವರು? ಮೊದಲ ಅಂಗಡಿ ಇಟ್ಟು, ಹೊಸ ಊರಿನಲ್ಲಿ ಕಾಸಿಲ್ಲದವರಿಗೆ ಕಡ ಕೊಟ್ಟ ಶೆಟ್ಟರು? ಹೆರಿಗೆ ಮಾಡಿಸಿ ಹೊಸ ಊರಿನ ಮೊದಲ ಕೂಸನ್ನು ಕೈಗೆತ್ತಿಕೊಂಡ ಸೂಲಗಿತ್ತಿ? ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಮನೆಮನೆಯ ಬಾಯಲ್ಲಿದೆ. ಆ ಬಾಯಿಗಳಿಗೂ ಈಗ ಎಂಬತ್ತು, ತೊಂಬತ್ತು.

ಇನ್ನೂ ಒಂದು ಮಾತು ಬಾಕಿ ಇದೆ. ಹೊಳೆ ತಾನಾಗಿ ಬಂದು ಎಬ್ಬಿಸಿದ ಊರು ಎಡತೊರೆ. ನಾವೇ ನೀರು ನಿಲ್ಲಿಸಿ ಮುಳುಗಿಸಿದ ಊರುಗಳೂ ಇವೆ. ಕೃಷ್ಣರಾಜಸಾಗರ ಕಟ್ಟಿದಾಗ ಹಳೇ ಕನ್ನಂಬಾಡಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ವೇಣುಗೋಪಾಲಸ್ವಾಮಿ ದೇವಸ್ಥಾನ ಮೇಲಕ್ಕೆ ಕಾಣುತ್ತಿತ್ತು. ಕಲ್ಲು ಕಲ್ಲನ್ನೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಮನೆ, ತೋಟ, ಗದ್ದೆಗಳು ಹೋದವು. ನಾಡಿಗೆ ದೀಪ ಬಂತು, ಅವರಿಗೆ ಗೊತ್ತಿಲ್ಲದ ಕಾಡಿನಲ್ಲಿ ಹೊಸ ಹೆಸರಿನ ಊರು ಬಂತು. ಅವುಗಳ ಹುಟ್ಟುಹಬ್ಬ ಮಾಡುವವರು ಯಾರು? ಆ ಬೆಳಕಿನಲ್ಲಿ ಓದಿ ಮುಂದೆ ಬಂದ ನಾವೇ ಮಾಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಎಲ್ಲಿಂದ ಹೊರಟು ಎಲ್ಲಿಗೆ ಬಂದೆವು ನೋಡಿ! ಹರಟೆಯ ಸುಖವೇ ಅದು. ಏಳುವ ಮುಂಚೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರಿಗೆ ನೂರಾಗಿರಲಿ, ಸಾವಿರವಾಗಿರಲಿ, ತಾರೀಖು ಸಿಗಲಿ, ಸಿಗದಿರಲಿ. ಬರುವ ಜಾತ್ರೆಗೆ ಊರಿಗೆ ಹೋದಾಗ ಒಂದು ನೋಟ್ ಪುಸ್ತಕ ಜೊತೆಗಿರಲಿ. ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಪಕ್ಕದಲ್ಲಿ ಕೂತು ಕೇಳಿ: ನಮ್ಮವರು ಇಲ್ಲಿಗೆ ಎಲ್ಲಿಂದ ಬಂದರು, ಯಾಕೆ ಬಂದರು, ಬಂದಾಗ ಇಲ್ಲಿ ಏನಿತ್ತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ.