ಗೋಲಗುಂಬಜಕ್ಕಿಂತ ಕಿರಿಯ ಗುಡ್ಡ

ಹಣ ಕೊಟ್ಟು ಅಡವಿಯಲ್ಲಿ ಮಲಗುವುದೆಂದರೆ ಮುದ್ದೇಬಿಹಾಳದ ಕಡೆ ಹುಟ್ಟಿದವನಿಗೆ ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ. ಹಾಗೆಂದು ನಾವು ಹೊರಗೆ ಮಲಗದವರೇನೂ ಅಲ್ಲ. ಜೋಳ ಹಾಲುಗಾಳಾಗುವ ಹೊತ್ತಿಗೆ ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಕಟ್ಟಿದ ಮಂಚಿಕೆಯ ಮೇಲೆ, ಒಂದು ಕಂಬಳಿ, ಒಂದು ಕವಣೆ, ಒಂದು ಲಾಟೀನು ಇಟ್ಟುಕೊಂಡು, ಹಗಲು ಹಕ್ಕಿಗಳನ್ನೂ ರಾತ್ರಿ ಹಂದಿಗಳನ್ನೂ ಕಾದವರೇ. ಆದರೆ ಅದು ಹೊಟ್ಟೆಪಾಡು. ಅದನ್ನು ಯಾರೂ ವಿಹಾರವೆಂದು ಕರೆದಿರಲಿಲ್ಲ.

ಆದ್ದರಿಂದ ಕ್ಯಾಲಿಫೋರ್ನಿಯದಲ್ಲಿರುವ ನನ್ನ ಮಗ, "ಅಪ್ಪಾ, ಸೆಪ್ಟೆಂಬರಿನ ಮೊದಲ ವಾರ ಮೂರು ದಿನ ರಜೆ. ಕಾಡಿನಲ್ಲಿ ಬಿಡಾರ ಹೂಡೋಣ. ಜಾಗವನ್ನು ಎಂದೋ ಕಾದಿರಿಸಿದ್ದೇನೆ" ಎಂದಾಗ, ಅಲ್ಲಿ ಏನೇನು ಅನುಕೂಲವಿದೆಯೆಂದು ವಿಚಾರಿಸಿದೆ. ದೀಪವಿಲ್ಲ, ಸ್ನಾನದ ಮನೆಯಿಲ್ಲ, ಫೋನು ಹಿಡಿಯುವುದಿಲ್ಲ ಎಂದು ಅವನು ಬಹಳ ಹೆಮ್ಮೆಯಿಂದ ಹೇಳಿದ. ನನ್ನ ಹೆಂಡತಿಯೂ ಸೊಸೆಯೂ ಬುದ್ಧಿವಂತರು, ಇಬ್ಬರೂ ಬರಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ನಮ್ಮನ್ನು ಸಾಗಹಾಕಿದರು. ಮಗ, ಒಂಬತ್ತು ವರ್ಷದ ಮೊಮ್ಮಗಳು, ನಾನು, ಇಷ್ಟು ಜನ ಹೊರಟೆವು.

ಹೊರಡುವ ಹಿಂದಿನ ರಾತ್ರಿ ಊರಿನಿಂದ ತಮ್ಮ ಫೋನು ಮಾಡಿದ್ದ. ಡೋಣಿ ಸಾಲಿನಲ್ಲಿ, ತಾಳಿಕೋಟೆಯ ಕಡೆ (ತಾಳಿಕೋಟೆ ಈಗ ತಾನೇ ಒಂದು ತಾಲೂಕು, ನನ್ನ ಕಾಲಕ್ಕೆ ಮುದ್ದೇಬಿಹಾಳದಲ್ಲಿಯೇ ಇದ್ದಿತು) ನಮ್ಮದು ನಾಲ್ಕು ಎಕರೆ ಎರೆಹೊಲವಿದೆ. ಕೊಳ್ಳುವವರು ಬಂದಿದ್ದಾರೆ, ಬೆಲೆ ಚೆನ್ನಾಗಿದೆ, ನನ್ನ ಸಹಿಯೊಂದು ಬೇಕು. "ಮೊಣಕಾಲು ಹೋಗ್ಯಾವಣ್ಣಾ, ಆಳು ಸಿಗೂದಿಲ್ಲ. ನೀ ಬಂದು ಬಿತ್ತತೀಯೋ, ನಿನ್ನ ಮಗ ಬಂದು ಬಿತ್ತತಾನೋ ಹೇಳು" ಎಂದ. ಉತ್ತರವಿಲ್ಲದ ಪ್ರಶ್ನೆಯನ್ನು ಕೇಳುವುದರಲ್ಲಿ ಅವನು ಮೊದಲಿನಿಂದಲೂ ನಿಸ್ಸೀಮ. "ಮಗನನ್ನು ಕೇಳಿ ಹೇಳುತ್ತೇನೆ" ಎಂದು ಫೋನು ಇಟ್ಟೆ. ಕೇಳಲು ಕಾಡಿಗಿಂತ ಒಳ್ಳೆಯ ಜಾಗ ಯಾವುದು, ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಮುಂದೂಡಲು ಮೂರು ದಿನ ಸಿಕ್ಕಿತಲ್ಲ ಎಂಬುದೇ ಸಮಾಧಾನ.

ನಾವು ಹೋದದ್ದು ಲ್ಯಾಸನ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ. ರೆಡ್ಡಿಂಗ್ ಪಟ್ಟಣ ದಾಟಿದ ಮೇಲೆ ರಸ್ತೆ ಮಲೆಯೇರುತ್ತದೆ. ಲ್ಯಾಸನ್ ಶಿಖರವು 1914ರಲ್ಲಿ ಬುಸುಗುಟ್ಟಲು ತೊಡಗಿ, 1915ರ ಮೇ ತಿಂಗಳಿನಲ್ಲಿ ದೊಡ್ಡದಾಗಿ ಸಿಡಿದು, 1917ರವರೆಗೂ ಗೊಣಗುತ್ತಿದ್ದಿತಂತೆ. ಆ ಗಲಾಟೆಯ ನಡುವೆಯೇ, 1916ರಲ್ಲಿ, ಅದನ್ನು ಉದ್ಯಾನವೆಂದು ಸಾರಿದರು. ಬೆಂಕಿ ಕಾರುತ್ತಿರುವ ಬೆಟ್ಟಕ್ಕೆ ಉದ್ಯಾನವೆಂದು ಹೆಸರಿಡಲು ಒಂದು ಬಗೆಯ ಧೈರ್ಯ ಬೇಕು. ಈಚೆಗೆ, 2021ರಲ್ಲಿ, ಭೂಮಿಯೊಳಗಿನ ಬೆಂಕಿಯಲ್ಲ, ಮೇಲಿನ ಕಾಳ್ಗಿಚ್ಚೇ ಉದ್ಯಾನದ ನೂರಕ್ಕೆ 69ರಷ್ಟು ಭಾಗದಲ್ಲಿ ಹಾಯ್ದುಹೋಯಿತು. ದಾರಿಯುದ್ದಕ್ಕೂ ಸುಟ್ಟ ಮರಗಳು ಎಣ್ಣೆಯಿಲ್ಲದ ದೀಪಸ್ತಂಭಗಳಂತೆ ನಿಂತಿದ್ದವು. ಅವುಗಳ ಬುಡದಲ್ಲಿ ಮೊಣಕಾಲೆತ್ತರ ಹಸುರು.

ಉದ್ಯಾನದ ಈಶಾನ್ಯ ಮೂಲೆಯಲ್ಲಿ ಬ್ಯೂಟ್ ಸರೋವರ. ಹೆದ್ದಾರಿ ಬಿಟ್ಟು ಆರು ಮೈಲು ಕಲ್ಲುರಸ್ತೆ. ಸಮುದ್ರಮಟ್ಟದಿಂದ 6,000 ಅಡಿಗೂ ಮಿಗಿಲಾದ ಎತ್ತರ. ಪೈನ್ ಮರಗಳ ನಡುವೆ ಬಿಡಾರಕ್ಕೊಂದರಂತೆ ತುಂಡು ನೆಲ, ಅದರಲ್ಲಿ ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಮತ್ತೊಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆ ಕರಡಿಯ ಸಲುವಾಗಿ. ಅನ್ನ ಸಾರು ಹೋಗಲಿ, ಸಾಬೂನು, ಹಲ್ಲುಜ್ಜುವ ಪೇಸ್ಟು ಮೊದಲಾಗಿ ವಾಸನೆಯುಳ್ಳ ಏನನ್ನೂ ಹೊರಗಿಡಕೂಡದು. ಶೇಂಗಾ ಹಿಂಡಿಯ ಡಬ್ಬಿ ಮೂಸಿ ನೋಡಿದ ಮಗ, ಅದನ್ನು ಎಲ್ಲಕ್ಕಿಂತ ಒಳಗೆ ಇಟ್ಟು ಚಿಲಕ ಹಾಕಿದ. ನಮ್ಮ ಊರ ಹಿಂಡಿಗೆ ಇಷ್ಟು ಬಂದೋಬಸ್ತು ಎಂದೂ ಆಗಿದ್ದಿಲ್ಲ.

ಗುಡಾರ ಕಟ್ಟಲು ಮಗನಿಗೆ ಒಂದು ಗಂಟೆ ಹಿಡಿಯಿತು. ಅದರ ವಿವರ ಬೇಡ. ನಾನು ಸರೋವರದ ಕಡೆ ನಡೆದೆ.

ನೀರು ತಿಳಿಯಾಗಿತ್ತು. ಮೂರು ದಿಕ್ಕಿನಲ್ಲಿ ಮರ. ಆದರೆ ಒಂದು ಮಗ್ಗುಲಿನಲ್ಲಿ ಮರವೂ ಇಲ್ಲ, ದಂಡೆಯೂ ಇಲ್ಲ. ಕಪ್ಪಗಿನ ಒಂದು ಗೋಡೆ ಬಂದು ನೀರಿಗೆ ಕಾಲಿಟ್ಟು ನಿಂತುಬಿಟ್ಟಿದೆ. ಗಾಣದ ಹತ್ತಿರ ಸುರಿದ ಬೆಲ್ಲದ ಪೆಂಟೆಗಳ ಹಾಗೆ ಒಂದರ ಮೇಲೊಂದು ಬಿದ್ದ ಕರಿಗಲ್ಲು. ಒಂದು ಗರಿಕೆಯಿಲ್ಲ. ಜ್ವಾಲಾಮುಖಿಯ ರಸ ಹರಿದುಬಂದು ಇಲ್ಲಿ ನೀರು ಕುಡಿದು ತಣ್ಣಗಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಕಂಡರೇ ತಿಳಿಯುವಂತಿತ್ತು.

ಅಲ್ಲಿಯ ಫಲಕದಲ್ಲಿ ಒಂದು ಇಸವಿ ಕಂಡು ಬೆಚ್ಚಿದೆ. ಈ ಕಲ್ಲುಗಳನ್ನು ಹೊರಗೆ ಹಾಕಿದ 'ಸಿಂಡರ್ ಕೋನ್' ಎಂಬ ಗುಡ್ಡ ಹುಟ್ಟಿದ್ದು 1666ರ ಸುಮಾರಿಗೆ. ಮೊದಲು 1850–51ರಲ್ಲಿಯೂ ಅಲ್ಲಿ ಬೆಂಕಿ ಕಂಡೆವೆಂದು ಹೇಳಿದವರಿದ್ದರು. ಮರಗಳ ಒಳಬಳೆಗಳನ್ನೂ ಕಲ್ಲಿನಲ್ಲುಳಿದ ಅಯಸ್ಕಾಂತದ ಗುರುತನ್ನೂ ನೋಡಿದ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. 1666! ಆಗ ನಮ್ಮ ಕಡೆ ಎರಡನೆಯ ಅಲಿ ಆದಿಲಶಾಹನ ಆಳಿಕೆ. ಅವನ ತಂದೆ ಮಹಮ್ಮದ ಆದಿಲಶಾಹ 1656ರಲ್ಲಿ ತೀರಿಕೊಂಡು ಗೋಲಗುಂಬಜದ ಕೆಳಗೆ ಮಲಗಿ ಆಗಲೇ ಹತ್ತು ವರ್ಷವಾಗಿತ್ತು. ಅಂದರೆ ನಾನು ಹುಡುಗನಾಗಿ ಕೂಗಿ ಮರುದನಿ ಕೇಳಿದ ಕಟ್ಟಡ, ಈ ಗುಡ್ಡಕ್ಕಿಂತ ಹಳೆಯದು! ಮನುಷ್ಯ ಕಟ್ಟಿದ್ದಕ್ಕಿಂತ ಎಳೆಯ ಬೆಟ್ಟವನ್ನು ನೋಡುವುದು ನನಗೆ ಅದೇ ಮೊದಲು.

ಮಗನಿಗೆ ಹೇಳಿದೆ. ಅವನು ನಕ್ಕು, "ಆದರೆ ಗೋಲಗುಂಬಜದ ಕಲ್ಲೂ ಲಾವಾನೇ ಅಪ್ಪಾ" ಎಂದ.

ಗೊತ್ತಿದ್ದ ಮಾತೇ. ನಾನು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿನಲ್ಲಿ ಪಕ್ಕದ ವರ್ಗದಿಂದ ಭೂಗೋಲದ ಮಾಸ್ತರರ ದನಿ ವರ್ಷವರ್ಷವೂ ಕೇಳುತ್ತಿತ್ತು: ದಖನ್ ಟ್ರ್ಯಾಪ್, ದಖನ್ ಟ್ರ್ಯಾಪ್. ಟ್ರ್ಯಾಪೆಂದರೆ ಇಲಿಬೋನು ಎಂದೇ ನಾನು ಬಹುಕಾಲ ತಿಳಿದಿದ್ದೆ. ಅದು ಸ್ವೀಡನ್ನಿನ ಭಾಷೆಯಲ್ಲಿ ಮೆಟ್ಟಿಲಿನ ಹೆಸರಂತೆ. ಲಾವಾ ಪದರು ಪದರಾಗಿ ಹರಿದು ಬೆಟ್ಟಗಳು ಮೆಟ್ಟಿಲಿನಂತೆ ಕಾಣುವುದರಿಂದ ಬಂದದ್ದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಆ ರಸ ಇಂದಿಗೂ 5 ಲಕ್ಷ ಚದರ ಕಿಲೋಮೀಟರಿನಷ್ಟು ನಾಡನ್ನು ಮುಚ್ಚಿದೆ. ಮಹಾಬಳೇಶ್ವರದ ಕಡೆ ಮೈಲಿಗೂ ಮಿಕ್ಕಿ ದಪ್ಪ. ನಮ್ಮ ಕಡೆ ಬರುತ್ತ ಬರುತ್ತ ರೊಟ್ಟಿಯ ಅಂಚಿನಂತೆ ತೆಳುವಾಗಿ, ಮುದ್ದೇಬಿಹಾಳದ ಸೀಮೆಯಲ್ಲಿ ಮುಗಿದುಹೋಗುತ್ತದೆ. ಇಂಡಿ, ಸಿಂದಗಿ, ಬಾಗೇವಾಡಿಯ ಜನರೆಲ್ಲ ಲಾವಾದ ಮೇಲೆಯೇ ಮನೆ ಕಟ್ಟಿದವರು. ನಾವು ಅದರ ಸೆರಗು ಹಿಡಿದವರು. ಇದೆಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕಲ್ಲಿನ ಮೇಲೆ ಕೈಯಿಡುವುದು ಬೇರೆ.

ಮರುದಿನ ಬೆಳಿಗ್ಗೆ ಸಿಂಡರ್ ಕೋನ್ ಹತ್ತಿದೆವು. ಹೋಗಿ ಬರಲು ನಾಲ್ಕು ಮೈಲು. ಮೊದಲರ್ಧ ದಾರಿ ಸುಲಭ: ಒಂದು ಬದಿ ಪೈನ್ ಮರಗಳು, ಇನ್ನೊಂದು ಬದಿ ಅದೇ ಕರಿಗಲ್ಲಿನ ಗೋಡೆ, ನಡುವೆ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ವಲಸೆಗಾರರ ಬಂಡಿಯ ಜಾಡು. ಆಮೇಲೆ ಮರ ಮುಗಿದು ಗುಡ್ಡ ಎದುರಿಗೆ ನಿಲ್ಲುತ್ತದೆ. ಕಣದಲ್ಲಿ ಹಾಕಿದ ರಾಶಿಯ ಆಕಾರ. ಎತ್ತರ 700 ಅಡಿ. ನಾಲ್ಕು ಗೋಲಗುಂಬಜಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಎಲ್ಲಾ ಸಡಿಲು ಕಿಟ್ಟ. ಉಕ್ಕುವ ರಸ ಆಕಾಶಕ್ಕೆ ಚಿಮ್ಮಿ, ಗಾಳಿಯಲ್ಲಿಯೇ ಆರಿ, ಹರಳಾಗಿ ಬಿದ್ದು ಗುಡ್ಡೆಯಾದದ್ದು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತದೆ. ಮೊಮ್ಮಗಳು ಮೇಲೆ ಹೋಗಿ ನಿಂತು ನನ್ನನ್ನು ಹುರಿದುಂಬಿಸುತ್ತಿದ್ದಳು. ನನ್ನ ತಮ್ಮನ ಮೊಣಕಾಲಿನ ವಿಷಯ ಆಗ ನನಗೆ ಸಂಪೂರ್ಣವಾಗಿ ಅರ್ಥವಾಯಿತು.

ಮೇಲೆ ತಟ್ಟೆಯೊಳಗೆ ತಟ್ಟೆಯಿಟ್ಟಂತೆ ಎರಡು ಸುತ್ತಿನ ಬಾಯಿ. ದೂರದಲ್ಲಿ ಲ್ಯಾಸನ್ ಶಿಖರ. ಕೆಳಗೆ ಕುಂಕುಮ, ಕಾವಿ, ಬೂದಿ ಕಲಸಿದಂಥ ದಿಬ್ಬಗಳು. ಇನ್ನೂ ಬಿಸಿಯಾಗಿದ್ದ ಲಾವಾದ ಮೇಲೆ ಬೂದಿ ಬಿದ್ದು ಬೆಂದು ಆ ಬಣ್ಣ ಬಂತಂತೆ. ಅದರಾಚೆ ಕರಿಯ ಹಾಸು. ನೋಡುತ್ತ ನಿಂತೆ. ಮೂರೂವರೆ ಶತಮಾನ ಮಳೆ ಬಿದ್ದಿದೆ, ಹಿಮ ಬಿದ್ದಿದೆ. ಅಷ್ಟರಲ್ಲಿ ನಮ್ಮಲ್ಲಿ ಆದಿಲಶಾಹಿ ಹೋಯಿತು, ಮೊಗಲರು, ನಿಜಾಮರು, ಪೇಶ್ವೆಗಳು, ಇಂಗ್ಲಿಷರು ಬಂದುಹೋದರು. ಈ ಹಾಸಿನ ಮೇಲೆ ಮಾತ್ರ ಹಿಡಿ ಜೋಳ ಚೆಲ್ಲುವಷ್ಟು ಮಣ್ಣೂ ಆಗಿಲ್ಲ.

ನಮ್ಮ ಹೊಲವೂ ಒಂದು ಕಾಲಕ್ಕೆ ಇಂಥದೇ ಕಲ್ಲು. ಅದು ಪುಡಿಯಾಗಿ, ಒಳಗಿನ ಸುಣ್ಣ ಕಬ್ಬಿಣಗಳೆಲ್ಲ ಬಿಡಿಬಿಡಿಯಾಗಿ, ನೀರು ಕುಡಿದರೆ ಉಬ್ಬುವ ಜೇಡಿಯಾಗಿ, ಡೋಣಿ ಹೊಳೆ ಜತ್ತದ ಕಡೆಯಿಂದ ಹೊತ್ತು ತಂದು ಹರಹಿ ಆದದ್ದು. ಮುಂಗಾರಿನಲ್ಲಿ ಕುಡಿದದ್ದನ್ನು ಒಡಲಲ್ಲಿಟ್ಟುಕೊಂಡು, ಮುಂದೆ ಮಳೆಯಿಲ್ಲದೆಯೂ ಚಳಿಗಾಲದುದ್ದಕ್ಕೂ ಬಿಳಿಜೋಳವನ್ನು ಸಾಕುವ ಮಣ್ಣು. ಬೇಸಗೆಯಲ್ಲಿ ಅದು ಬಾಯಿ ಬಿಟ್ಟರೆ ಕರುವಿನ ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ಹುಡುಗನಾಗಿದ್ದಾಗ ನನ್ನ ಬುಗರಿ ಅಂಥ ಬಿರುಕಿನೊಳಗೆ ಬಿದ್ದುಹೋಯಿತು. ಅಳುತ್ತ ನಿಂತವನಿಗೆ ಅಪ್ಪ, "ಭೂಮಿ ನುಂಗಿದ್ದನ್ನ ಭೂಮೀನೇ ಉಗಳತೈತಿ, ಸುಮ್ಮನಿರು" ಎಂದ. ಅವನು ಸಮಾಧಾನಕ್ಕೆ ಹೇಳಿದ್ದಿರಬಹುದು. ಆದರೆ ಎರೆಮಣ್ಣು ಮೇಲಿನದನ್ನು ಬಿರುಕಿನಲ್ಲಿ ನುಂಗಿ, ಮಳೆಯಲ್ಲಿ ಉಬ್ಬಿ, ಕೆಳಗಿನದನ್ನು ಮೇಲಕ್ಕೆ ನೂಕುತ್ತ ತನ್ನನ್ನು ತಾನೇ ಉಳುತ್ತದೆಂಬುದು ಶಾಸ್ತ್ರದ ಮಾತೂ ಹೌದು. ಬುಗರಿ ಮಾತ್ರ ಇನ್ನೂ ಮೇಲೆ ಬಂದಿಲ್ಲ.

ಇಷ್ಟೆಲ್ಲ ನೆನೆಯುವಾಗ ಮನಸ್ಸು ಒಂದು ಕಡೆ ಚುಚ್ಚುತ್ತಲೇ ಇತ್ತು. ನಾನು ಕುಂಟೆ ಹಿಡಿದು ನಲವತ್ತೈದು ವರ್ಷವಾಯಿತು. ಪಗಾರದ ನೌಕರಿ ಸಿಕ್ಕ ದಿನವೇ ಹೊಲಕ್ಕೆ ಬೆನ್ನು ತಿರುಗಿಸಿದವನು ನಾನು. ಮೈ ಬಗ್ಗಿಸಿದವನು ತಮ್ಮ. ಕಲ್ಲು ಮಣ್ಣಾಗಲು ಹಿಡಿದ ಕಾಲವನ್ನು ಅವನಿಗೆ ಹೇಳಹೋದರೆ, ಆ ಮಣ್ಣಿನಲ್ಲಿ ತನ್ನ ಬೆನ್ನು ಬಾಗಲು ಹಿಡಿದ ಕಾಲವನ್ನು ಅವನು ಹೇಳಬಹುದು. ಅದಕ್ಕೆ ಕೋಟಿ ವರ್ಷ ಬೇಕಾಗಲಿಲ್ಲ.

ಆ ರಾತ್ರಿ ಬೆಂಕಿಯ ಮುಂದೆ ಕುಳಿತಾಗ ವಿಷಯ ಎತ್ತಿದೆ. ಮಗ ಕಟ್ಟಿಗೆಯನ್ನು ಸರಿಮಾಡುತ್ತ, "ನಿಮ್ಮ ಇಷ್ಟ ಅಪ್ಪಾ, ನನ್ನದೇನೂ ಅಭ್ಯಂತರವಿಲ್ಲ" ಎಂದ. ಒಳ್ಳೆಯ ಮಗ ಆಡಬೇಕಾದ ಮಾತೇ. ಬೇರೆ ಯಾವ ಉತ್ತರ ಕೊಟ್ಟಿದ್ದರೂ ನಾನು ಜಗಳವಾಡಬಹುದಿತ್ತು; ಇದಕ್ಕೆ ಏನು ಮಾಡುವುದು? ಸುಮ್ಮನೆ ರೊಟ್ಟಿ ಮುರಿದೆ.

ಮೊಮ್ಮಗಳಿಗೆ ಬುಗರಿಯ ಕಥೆ ಹೇಳಿದ್ದೆ. ಅವಳು ಯೋಚಿಸಿ, "ಅಜ್ಜಾ, ಮಾರಿದರೆ ಬುಗರೀನೂ ಅವರದ್ದೇನಾ?" ಎಂದಳು.

"ಹೌದು" ಎಂದೆ. ಖರೀದಿಪತ್ರದಲ್ಲಿ ಅಂಥ ಕಲಮು ಯಾವುದೂ ನೆನಪಾಗಲಿಲ್ಲ.

ಗುಡಾರದಲ್ಲಿ ನಿದ್ದೆ ಹತ್ತಲಿಲ್ಲ. ಮಂಚಿಕೆಯ ಮೇಲೆ ಮಲಗಿದಾಗ ಕೇಳುತ್ತಿದ್ದ ಜೋಳದ ಎಲೆಯ ಸದ್ದು ಇಲ್ಲಿಲ್ಲ. ಪೈನ್ ಮರದ ಗಾಳಿ ದೂರದ ಹೊಳೆಯಂತೆ ಒಂದೇ ಸಮನೆ ಹರಿಯುತ್ತದೆ. ಎದ್ದು ಹೊರಗೆ ಬಂದೆ. ಅಷ್ಟು ನಕ್ಷತ್ರಗಳನ್ನು ಹೊಲ ಕಾಯುವುದನ್ನು ಬಿಟ್ಟ ಮೇಲೆ ನೋಡಿದ್ದಿಲ್ಲ. ಕರಡಿ ಬರಲಿಲ್ಲ.

ಮೂರನೆಯ ದಿನ ಗುಡಾರ ಬಿಚ್ಚಿದೆವು. ಉದ್ಯಾನದ ಒಂದು ಹರಳನ್ನೂ ಒಯ್ಯಬಾರದೆಂದು ಕಾಯಿದೆ. ಮೊಮ್ಮಗಳು ಕಾರು ಹತ್ತುವ ಮೊದಲು ಎರಡೂ ಬೂಟು ಬಿಚ್ಚಿ, ಕರಿಯ ಕಿಟ್ಟವನ್ನೆಲ್ಲ ಝಾಡಿಸಿ ಸುರಿದಳು. ನನ್ನ ಬೂಟುಗಳನ್ನೂ ಬಿಚ್ಚಿಸಿದಳು.

ಹೆದ್ದಾರಿ ಸೇರಿ, ಓಲ್ಡ್ ಸ್ಟೇಷನ್ ಎಂಬ ಸಣ್ಣ ಊರು ದಾಟುವ ಹೊತ್ತಿಗೆ ಫೋನಿಗೆ ಜೀವ ಬಂತು. ತಮ್ಮನದು ಮೂರು ಕರೆ. ಅಲ್ಲಿ ಆಗ ರಾತ್ರಿ. ಮಾತನಾಡಲು ಧೈರ್ಯವೂ ಸಾಲಲಿಲ್ಲ. ಬರೆದು ಕಳಿಸಿದೆ: "ಈ ಹಿಂಗಾರಿ ಒಂದು ಬಿತ್ತಿಸು. ಆಳು, ಬೀಜ, ಗಳೆ, ಎಲ್ಲದರ ಖರ್ಚೂ ನನ್ನದು. ಎಳ್ಳಮಾವಾಸ್ಯೆಗೆ ಬರುತ್ತೇನೆ. ಮೊಮ್ಮಗಳನ್ನೂ ಕರೆತರುತ್ತೇನೆ."

ಅವನೂ ನಿದ್ದೆ ಬಾರದೆ ಎಚ್ಚರವಿದ್ದನೆಂದು ಕಾಣುತ್ತದೆ. ರೆಡ್ಡಿಂಗ್ ತಲುಪುವ ಮೊದಲೇ ಉತ್ತರ ಬಂತು:

"ಬಿತ್ತಸ್ತೀನಿ. ಚರಗಾ ಚೆಲ್ಲಾಕ ಎಲ್ಲಾರೂ ಬರ್ರಿ. ಬರುವಾಗ ಆಧಾರ್ ಕಾರ್ಡು ಮರೀಬ್ಯಾಡ, ಸಹಿಗೆ ಬೇಕಾಗತೈತಿ."