ಹಲ್ಲು ಕೀಳಿಸಿಕೊಂಡವರ ಊಟ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳಲ್ಲಿ ‘ಊಟವಾಯಿತೇ?’ ಎಂದು ಕೇಳುವುದೂ ‘ರೊಟ್ಟಿ ತಿಂದಿರೇ?’ ಎಂದು ಕೇಳುವುದೂ ಒಂದೇ. ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳ, ಅದರಲ್ಲಿಯೂ ಮಾಲದಂಡಿಯೆಂದು ಹೆಸರಾದ ತಳಿ, ಇಲ್ಲಿಯ ಜನರ ಪ್ರಾಣಾಧಾರ. ತಟ್ಟಿ ಬೇಯಿಸಿದಾಗ ಅರಿವೆಯಂತೆ ಮೆತ್ತಗಿರುವ ರೊಟ್ಟಿಯು ಒಣಗಿಸಿ ಅಡಕಲಿಟ್ಟ ಮೇಲೆ ಖಡಕ್ ರೊಟ್ಟಿಯೆನಿಸಿ, ಮುರಿಯುವಾಗಿನ ಸಪ್ಪಳದಿಂದಲೇ ಹಸಿವನ್ನು ಕೆರಳಿಸುತ್ತದೆ. ಇಂತಹ ನಾಡಿನಲ್ಲಿ ಒಬ್ಬನ ದವಡೆಹಲ್ಲು ಹೋಯಿತೆಂದರೆ, ಅವನಿಗೂ ರೊಟ್ಟಿಗೂ ಇದ್ದ ಬಾಲ್ಯಸ್ನೇಹಕ್ಕೆ ಕೆಲಕಾಲ ವಿಘ್ನ ಬಂದಿತೆಂದೇ ತಿಳಿಯಬೇಕು.

ಸಿಂದಗಿ ಸೀಮೆಯ ಒಂದು ಹಳ್ಳಿಯಲ್ಲಿ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ಬಲದವಡೆಯ ಹಲ್ಲೊಂದು ಬಹುಕಾಲ ಕಾಡಿ, ಕೊನೆಗೆ ಎಳ್ಳ ಅಮಾವಾಸ್ಯೆಗೆ ಮೂರು ದಿನ ಮುಂಚಿತವಾಗಿ ಅದನ್ನು ಕೀಳಿಸಿಕೊಂಡು ಮನೆಗೆ ಬಂದರು. ಹೋದದ್ದು ಮುಂಬಲ್ಲಾಗಿದ್ದರೆ ತ-ಥ-ದ-ಧ-ನ ಎಂಬ ದಂತ್ಯಾಕ್ಷರಗಳು ಮುನಿಯುತ್ತಿದ್ದವು. ದವಡೆಹಲ್ಲಾದ್ದರಿಂದ ವ್ಯಾಕರಣಕ್ಕೆ ಧಕ್ಕೆಯಿಲ್ಲದೆ ಆಹಾರಕ್ಕೆ ಮಾತ್ರ ಧಕ್ಕೆಯಾಯಿತು. ವೈದ್ಯರು ಹೇಳಿದ ಪಥ್ಯವನ್ನು ಅವರು ಒಂದೇ ಕಿವಿಯಿಂದ ಕೇಳಿದ್ದರು. ನಾಲ್ಕು ದಶಕ ಪರರಿಗೆ ಹೇಳಿಕೊಟ್ಟವರಿಗೆ ಪರರ ಮಾತನ್ನು ಕೇಳುವ ಅಭ್ಯಾಸ ಕಡಿಮೆಯಾಗುವುದು ಸಹಜ.

ಹಲ್ಲು ಕಿತ್ತ ಸ್ಥಳದಲ್ಲಿ ನಡೆಯುವುದಾದರೂ ಏನು? ಹಲ್ಲು ಕೂತಿದ್ದ ಕುಣಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ವೈದ್ಯರು ಇಟ್ಟ ಬಟ್ಟೆಯುಂಡೆಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯುವುದು ಈ ಹೆಪ್ಪು ಕೂಡುವ ಸಲುವಾಗಿಯೇ. ಕೆಳಗಿನ ಎಲುಬನ್ನೂ ನರಗಳನ್ನೂ ಅದೇ ಮುಚ್ಚಿ ಕಾಪಾಡುತ್ತದೆ. ಅದರ ಆಶ್ರಯದಲ್ಲಿಯೇ ಹೊಸ ಮಾಂಸ ಬೆಳೆಯುತ್ತದೆ. ಅದು ಕಿತ್ತುಹೋದರೆ, ಇಲ್ಲವೆ ಕರಗಿಹೋದರೆ, ಎಲುಬು ಬಯಲಾಗಿ ಎರಡು ಮೂರು ದಿನಗಳ ತರುವಾಯ ಕಿವಿಯವರೆಗೆ ಸೆಳೆಯುವ ಘೋರ ನೋವು ಹುಟ್ಟುತ್ತದೆ. 1896ರಲ್ಲಿ ಕ್ರಾಫರ್ಡ್ ಎಂಬ ವೈದ್ಯನು ಇದಕ್ಕೆ ‘ಡ್ರೈ ಸಾಕೆಟ್’ ಎಂದು ಹೆಸರಿಟ್ಟನು. ಒಣಗಿದ ಕುಣಿ ಎಂದು ಅದರ ಅರ್ಥ.

ಪ್ರಾಚೀನರು ಹಲ್ಲು ಕೀಳುವುದಕ್ಕೆ ಅಂಜಿದ್ದು ರಕ್ತಸ್ರಾವದ ಭಯದಿಂದ. ಮೇಲ್ದವಡೆಯ ಹಲ್ಲು ಅಲುಗಾಡುತ್ತಿದ್ದರೂ ಕೀಳಬಾರದು, ಕಿತ್ತರೆ ರಕ್ತ ಅತಿಯಾಗಿ ಹರಿದು ಕುರುಡುತನವೂ ಮುಖದ ವಾತವೂ ಬರುವುವೆಂದು ಸುಶ್ರುತಸಂಹಿತೆ ಎಚ್ಚರಿಸುತ್ತದೆ. ‘ಮ್ಯಾಲಿನ ಹಲ್ಲ ಕಿತ್ತರ ಕಣ್ಣ ಹೋಗತಾವ’ ಎಂದು ಮುದುಕಿಯರು ಹೇಳುವ ಮಾತಿಗೆ ಇಷ್ಟು ಹಳೆಯ ವಂಶಾವಳಿಯಿದೆ. ಮೇಲಿನ ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲವೆಂದು ಈಗ ಸ್ಪಷ್ಟವಾಗಿದೆ. ಆದರೆ ರಕ್ತ ಹೆಪ್ಪುಗಟ್ಟಬೇಕೆಂಬ ಹಿರಿಯರ ಕಾಳಜಿ ಮಾತ್ರ ಸುಳ್ಳಲ್ಲ.

ಮಾಸ್ತರರು ಮನೆಗೆ ಬಂದೊಡನೆ ಬಿಸಿ ಚಹಾ ಬೇಡಿದರು. ಸೊಸೆ ಕೊಡಲಿಲ್ಲ. ಮರಗಟ್ಟಿಸುವ ಚುಚ್ಚುಮದ್ದಿನ ಪ್ರಭಾವ ಎರಡು ಮೂರು ಗಂಟೆ ಇರುತ್ತದೆ. ಆಗ ಬಾಯಿ ಸುಟ್ಟರೂ ತಿಳಿಯದು, ಗಲ್ಲವನ್ನು ತಾನೇ ಕಚ್ಚಿಕೊಂಡರೂ ತಿಳಿಯದು. ಬಿಸಿಯಿಂದ ರಕ್ತ ಮತ್ತೆ ಒಸರಲೂಬಹುದು. ಆಕೆ ತಣ್ಣನೆಯ ಅಂಬಲಿಗೆ ಹಾಲು ಬೆರೆಸಿ ತಂದಳು. ‘ರೊಟ್ಟಿ ಇಲ್ಲದ್ದು ಊಟ ಅಂತೀಯೇನವಾ?’ ಎಂದು ಅವರು ಬಟ್ಟಲನ್ನು ಸರಿಸಿಬಿಟ್ಟರು. ಆದರೆ ಸಕ್ಕರೆಕಾಯಿಲೆಯ ಗುಳಿಗೆಯನ್ನು ಮಾತ್ರ ಎಂದಿನಂತೆ ನುಂಗಿದರು. ಸಂಜೆಯ ಹೊತ್ತಿಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಕಣ್ಣು ಕತ್ತಲಿಟ್ಟಿತು. ಸೊಸೆ ಓಡಿಬಂದು ಸಕ್ಕರೆ ನೀರು ಕುಡಿಸದಿದ್ದರೆ ಅಂದಿನ ಕಥೆ ಬೇರೆಯಾಗುತ್ತಿತ್ತು. ಹಲ್ಲು ಕೀಳಿಸಿಕೊಂಡವರಿಗೆ ಉಪವಾಸ ಸಲ್ಲದು. ಸಕ್ಕರೆಕಾಯಿಲೆಯವರಿಗಂತೂ ಎಷ್ಟು ಮಾತ್ರಕ್ಕೂ ಸಲ್ಲದು. ಗುಳಿಗೆಯ ವಿಚಾರವನ್ನು ಅವರು ವೈದ್ಯರಲ್ಲಿ ಮೊದಲೇ ಕೇಳಿಕೊಂಡಿರಬೇಕು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರೂ ಅದನ್ನು ಮುಂದಾಗಿ ತಿಳಿಸಬೇಕೇ ಹೊರತು ತಾವಾಗಿ ನಿಲ್ಲಿಸಕೂಡದು.

ರೊಟ್ಟಿಯನ್ನು ಕೊಡುವ ಜೋಳವೇ ಅಂಬಲಿಯನ್ನೂ ಕೊಡುತ್ತದೆಂಬುದನ್ನು ಮಾಸ್ತರರು ಮರೆತಿದ್ದರು. ಮೊದಲ ದಿನಕ್ಕೆ ಹುಳಿ ಬಾರದ ತಿಳಿ ಅಂಬಲಿ, ತಣ್ಣಗಾದ ಹಾಲು, ಸಿಹಿ ಮೊಸರು, ಅಕ್ಕಿಗಂಜಿ, ಹೆಸರುಬೇಳೆಯ ತಿಳಿಗಟ್ಟು ಇಷ್ಟು ಸಾಕು. ಎರಡನೆಯ ದಿನ ಮೆತ್ತಗೆ ಬೆಂದ ಅನ್ನ, ಹಿಸುಕಿದ ಬಾಳೆಹಣ್ಣು, ನುಣ್ಣನೆಯ ಸಜ್ಜಕ ಬರಬಹುದು. ಮೂರು ನಾಲ್ಕು ದಿನ ಕಳೆದ ಮೇಲೆ ಮಜ್ಜಿಗೆಯಲ್ಲಿ ಕರಗುವಂತೆ ಬೇಯಿಸಿದ ಜೋಳದ ನುಚ್ಚನ್ನು, ಚೆನ್ನಾಗಿ ಮಿದ್ದ ಗೋದಿಹುಗ್ಗಿಯನ್ನು ಇನ್ನೊಂದು ಬದಿಯ ಹಲ್ಲಿನಿಂದ ತಿನ್ನಬಹುದು. ಎಲ್ಲವೂ ಉಗುರುಬೆಚ್ಚಗಿರಲಿ. ಬೊಚ್ಚುಬಾಯಿಯ ಅಜ್ಜಿಯರು ರೊಟ್ಟಿಯನ್ನು ಕುಟ್ಟಿ ಹಾಲಿನಲ್ಲಿ ಗಂಟೆಗಟ್ಟಲೆ ನೆನೆಸಿ ಉಣ್ಣುವ ಕ್ರಮವೂ ವಾರ ಕಳೆದ ಮೇಲೆ ಒಳ್ಳೆಯ ದಾರಿಯೇ. ಅವರಿಗೆ ಈ ವಿದ್ಯೆಯನ್ನು ಯಾವ ದಂತವೈದ್ಯನೂ ಕಲಿಸಲಿಲ್ಲ.

ವರ್ಜ್ಯಗಳ ಸಂಗತಿ ಹೆಚ್ಚು ಕಠಿಣ, ಏಕೆಂದರೆ ವರ್ಜ್ಯವಾದುದೆಲ್ಲ ಈ ಭಾಗದವರಿಗೆ ಪ್ರಿಯವಾದುದೇ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ಇವುಗಳ ತರಿ ಕುಣಿಯಲ್ಲಿ ಸೇರಿದರೆ ಹೊರಬರುವುದು ದುಸ್ತರ. ಚುರುಮುರಿ, ಚೂಡಾಗಳ ಚೂಪು ಗಾಯಕ್ಕೆ ತಾಗುತ್ತದೆ. ಕೆಂಪು ಮೆಣಸಿನಕಾಯಿಯ ರಂಜಕ ಉರಿಸುತ್ತದೆ. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿಯ ಲಿಂಬೆ ಎಷ್ಟೇ ಕೀರ್ತಿವಂತವಾದರೂ ಅದರ ಹುಳಿ ಹಸಿಗಾಯಕ್ಕೆ ಶತ್ರು; ಉಪ್ಪಿನಕಾಯಿಯ ಭರಣಿ ಮುಚ್ಚಿರಲಿ. ಒಣದ್ರಾಕ್ಷಿ ಅಂಟಿಕೊಳ್ಳುತ್ತದೆ. ಎಳನೀರು ಉತ್ತಮವೇ, ಆದರೆ ಅಂಗಡಿಯವರು ಕೊಡುವ ಕೊಳವೆಯಿಂದ ಹೀರಕೂಡದು, ಲೋಟಕ್ಕೆ ಸುರಿದು ಕುಡಿಯಬೇಕು. ಹೀರುವ ಸೆಳೆತಕ್ಕೆ ಹೆಪ್ಪು ಕಿತ್ತುಬರುತ್ತದೆ. ಪದೇ ಪದೇ ಉಗುಳುವುದರಿಂದಲೂ ಇದೇ ಅಪಾಯ. ತಂಬಾಕು ಎಲ್ಲಕ್ಕಿಂತ ಕೆಡುಕು: ಎಲೆಯಡಿಕೆಯೊಡನೆ ಜಗಿಯುವುದಾಗಲಿ, ಬೀಡಿಯಾಗಲಿ, ಹಲ್ಲಿಗೆ ತಿಕ್ಕುವ ಮಿಶ್ರಿಯಾಗಲಿ. ಮಿಶ್ರಿ ಹಚ್ಚುವ ಹೆಣ್ಣುಮಕ್ಕಳು ಅದನ್ನು ತಂಬಾಕೆಂದೇ ಎಣಿಸುವುದಿಲ್ಲ; ಅದು ಸುಟ್ಟ ತಂಬಾಕೇ.

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿದ ಮೇಲೆ ಬನ್ನಿಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಸಜ್ಜೆಯ ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಖಡಕ್ ರೊಟ್ಟಿ. ಬೀಗರು ಬಂದಿದ್ದರು, ಬೀಗರೆದುರು ಅಂಬಲಿ ಕುಡಿಯುವುದು ಮಾಸ್ತರರಿಗೆ ಮಾನಹಾನಿಯೆನಿಸಿತು. ರೊಟ್ಟಿ ಮುರಿದರು, ಹಿಂಡಿ ಹಚ್ಚಿದರು, ಕೊನೆಗೆ ಬೀಗರು ಕೊಟ್ಟ ಎಲೆಯಡಿಕೆಗೆ ತಂಬಾಕನ್ನೂ ಸೇರಿಸಿದರು. ಮರುದಿನ ನಸುಕಿನಲ್ಲಿ ಬಲಗಿವಿ ಹಿಡಿದುಕೊಂಡು ಹಾಸಿಗೆಯ ಮೇಲೆ ಕುಳಿತಿದ್ದರು.

ವೈದ್ಯರು ಕುಣಿಯನ್ನು ತೊಳೆದು, ಔಷಧದ ಪಟ್ಟಿಯಿಟ್ಟು, ಒಂದು ದಿನ ಬಿಟ್ಟು ಮತ್ತೆ ಬರಹೇಳಿದರು. ಮನೆಗೆ ಮರಳಿದಾಗ ಸೊಸೆ ಅಂದಳಂತೆ: ‘ಹೆಪ್ಪ ಹಾಕಿದ ಗಡಿಗಿ ಯಾರರೆ ಅಳ್ಳಾಡಸತಾರೇನ್ರೀ, ಮಾವಾರ?’ ಹಾಲು ಮೊಸರಾಗುವತನಕ ಗಡಿಗೆಯನ್ನು ಮುಟ್ಟಬಾರದೆಂಬುದು ಆಕೆಗೆ ಚಿಕ್ಕಂದಿನಿಂದ ಗೊತ್ತು. ವೈದ್ಯರ ಅಚ್ಚು ಹಾಕಿಸಿದ ಚೀಟಿಯಲ್ಲಿದ್ದುದಕ್ಕಿಂತ ಈ ಒಂದು ಮಾತು ಮಾಸ್ತರರಿಗೆ ಹೆಚ್ಚು ಅರ್ಥವಾಯಿತು.

ಬಾಯಿ ತೊಳೆಯುವ ಕ್ರಮವನ್ನೂ ಅವರು ಆಗಲೇ ತಿದ್ದಿಕೊಂಡರು. ಮೊದಲ ಇಪ್ಪತ್ತುನಾಲ್ಕು ಗಂಟೆ ಮುಕ್ಕಳಿಸಲೇಬಾರದು. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದಾಗಲೆಲ್ಲ ಬಾಯಿಯಲ್ಲಿ ತುಂಬಿ ಸುಮ್ಮನೆ ಇಟ್ಟು, ತಾನಾಗಿ ಹೊರಬೀಳಲು ಬಿಡಬೇಕು. ವಾಗ್ಭಟನು ಬಾಯಿ ಅಲುಗಾಡದಂತೆ ತುಂಬಿ ಹಿಡಿಯುವುದನ್ನು ಗಂಡೂಷವೆಂದೂ ಅಲುಗಾಡಿಸಲು ಬರುವುದನ್ನು ಕವಲವೆಂದೂ ವಿಂಗಡಿಸಿದ್ದಾನೆ. ಹಲ್ಲು ಕಿತ್ತ ಬಾಯಿಗೆಂದು ಅವನು ಹೇಳಿದ್ದಲ್ಲವಾದರೂ ಇಲ್ಲಿ ಒಪ್ಪುವುದು ಗಂಡೂಷವೇ. ಬಟ್ಟೆಯುಂಡೆಯನ್ನು ಮತ್ತೆ ಅರ್ಧ ಗಂಟೆ ಕಚ್ಚಿದರೂ ರಕ್ತ ನಿಲ್ಲದಿದ್ದರೆ, ಮೂರು ದಿನಗಳ ಮೇಲೆ ಬಾವು ಏರುತ್ತ ಹೋದರೆ, ಜ್ವರ ಬಂದರೆ, ನುಂಗಲು ತೊಡಕಾದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕುಣಿಯಲ್ಲಿ ಲವಂಗದೆಣ್ಣೆಯ ಅರಳೆಯನ್ನು ತಾವೇ ತುರುಕಿಕೊಂಡು ಒಸಡು ಸುಟ್ಟುಕೊಂಡವರೂ ಉಂಟು.

ಒಸಡು ಕೂಡಿಕೊಳ್ಳಲು ಒಂದೆರಡು ವಾರ ಬೇಕು. ಒಳಗಿನ ಎಲುಬು ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಮಾಸ್ತರರಿಗೆ ಹದಿನೈದನೆಯ ದಿನ ಹೆಂಚಿನಿಂದ ಇಳಿಸಿದ ಮೆತ್ತನೆಯ ರೊಟ್ಟಿಗೆ ಬೆಣ್ಣೆ ಸವರಿ ಸೊಸೆ ಬಡಿಸಿದಳು. ಅವರು ಎಡದವಡೆಯಿಂದ ನಿಧಾನವಾಗಿ ತಿಂದು, ಅರಿವೆಯಲ್ಲಿ ಕಟ್ಟಿ ಮಾಡದಲ್ಲಿಟ್ಟಿದ್ದ ಖಡಕ್ ರೊಟ್ಟಿಯ ಅಡಕಲನ್ನು ಒಮ್ಮೆ ನೋಡಿದರು. ‘ಅದು ಇನ್ನೂ ಎಂಟ ದಿವಸ ಅಲ್ಲೇ ಇರಲ್ರಿ’ ಎಂದು ಆಕೆ ಎರಡನೆಯ ರೊಟ್ಟಿಯನ್ನು ತಟ್ಟತೊಡಗಿದಳು.