ಗಲ್ಲಾದಲ್ಲಿದ್ದ ಹಣ ಯಾರದ್ದು?

ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತವರಿಗೆಲ್ಲ ಆಗ ಊರಿನವರು ಕೊಡುತ್ತಿದ್ದ ಸಲಹೆ ಒಂದೇ: ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆಗೆ ಅರ್ಜಿ ಹಾಕು, ಎಸ್‌ಟಿಡಿ ಬೂತ್ ಇಡು. ಯೋಜನೆ ಶುರುವಾದದ್ದು 1993ರ ಅಕ್ಟೋಬರ್ 2ರಂದು. ವಯಸ್ಸು 18ರಿಂದ 35, ಮನೆಯ ವರ್ಷದ ಆದಾಯ 24 ಸಾವಿರದೊಳಗೆ. ಅಂಥವರಿಗೆ ಒಂದು ಲಕ್ಷದವರೆಗಿನ ಉದ್ಯೋಗಕ್ಕೆ ಸಾಲ. ನೂರಕ್ಕೆ 15ರಂತೆ ಸಬ್ಸಿಡಿ, ಆದರೆ 7,500 ರೂಪಾಯಿ ದಾಟುವಂತಿಲ್ಲ. ಅದೂ ಕೈಗೆ ಬರುತ್ತಿರಲಿಲ್ಲ. ಸಾಲ ತೀರುವ ತನಕ ಬ್ಯಾಂಕಿನಲ್ಲೇ ಇರುತ್ತಿತ್ತು.

ಅಣ್ಣ ಶಿರಸಿಯಲ್ಲಿ ಬೂತ್ ತೆರೆದದ್ದು ಹೀಗೆ. ಎಪ್ಪತ್ತು ಸಾವಿರದ ಅಂದಾಜು ಪಟ್ಟಿ; ಅದರಲ್ಲಿ ನಮ್ಮ ಕೈಯಿಂದ ಹಾಕಬೇಕಾದ್ದು 3,500. ಅಪ್ಪ ಬರುವ ವರ್ಷದ ಅಡಿಕೆ ಲೆಕ್ಕದ ಮೇಲೆ ಸೊಸೈಟಿಯಿಂದ ಅದನ್ನು ಎತ್ತಿಕೊಟ್ಟ. ಸಂದರ್ಶನಕ್ಕೆ ಘಟ್ಟ ಇಳಿದು ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಪಾಸಾದರೂ ಬ್ಯಾಂಕಿನ ಮ್ಯಾನೇಜರ್ ಒಪ್ಪಬೇಕು. ಸಾಲ ಕೈಗೆ ಬರುವಷ್ಟರಲ್ಲಿ, ಮುಂಗಡ ಕೊಟ್ಟಿದ್ದ ಮಳಿಗೆಗೆ ಬಾಡಿಗೆ ಸುಮ್ಮನೆ ಏರುತ್ತಿತ್ತು.

ಗಾಜಿನ ಗೂಡು, ಬಿಲ್ ಹೊಡೆಯುವ ಯಂತ್ರ, ಹಳದಿ ಬೋರ್ಡು. ರಾತ್ರಿಯಾದಂತೆ ಕರೆಯ ದರ ಅರ್ಧಕ್ಕೆ, ಇನ್ನೂ ತಡವಾದರೆ ಕಾಲುಭಾಗಕ್ಕೆ ಇಳಿಯುತ್ತಿದ್ದರಿಂದ ಜನ ಊಟ ಮುಗಿಸಿಯೇ ಬರುತ್ತಿದ್ದರು. ಅಣ್ಣ ಊಟ ಮಾಡುತ್ತಿದ್ದದ್ದು ಅವರೆಲ್ಲ ಹೋದ ಮೇಲೆ.

ಈ ವ್ಯಾಪಾರದ ಗುಟ್ಟೂ ಅಪಾಯವೂ ಒಂದೇ ಆಗಿತ್ತು. ಗಿರಾಕಿ ರಿಸೀವರ್ ಇಟ್ಟ ಕೂಡಲೇ ನಗದು ಕೊಡುತ್ತಾನೆ. ದೂರವಾಣಿ ಇಲಾಖೆಯ ಬಿಲ್ಲು ಬರುವುದು ಆಮೇಲೆ. ನಡುವಿನ ದಿನಗಳಲ್ಲಿ ಗಲ್ಲಾ ತುಂಬಿದಂತೆ ಕಾಣುತ್ತದೆ, ಆದರೆ ಅದರಲ್ಲಿ ಹೆಚ್ಚಿನ ಪಾಲು ಇಲಾಖೆಯದ್ದು, ನಮ್ಮದು ಕಮಿಷನ್ ಮಾತ್ರ. ಆ ಹಣದಲ್ಲಿ ಬೈಕು ಕೊಂಡು, ಬಿಲ್ಲು ಬಂದಾಗ ಲೈನ್ ಕಟ್ ಆದವರು ನಮ್ಮ ರಸ್ತೆಯಲ್ಲೇ ಇದ್ದರು.

ಅಣ್ಣನನ್ನು ಕಾಪಾಡಿದ್ದು ಪಿಗ್ಮಿ. ಇದು ಕರಾವಳಿಯವರು ನಾಡಿಗೆ ಕೊಟ್ಟ ಲೆಕ್ಕಾಚಾರ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆಯಲ್ಲಿ ಟಿ.ಎಂ.ಎ. ಪೈ ಅವರು 1928ರಲ್ಲಿ ಇದನ್ನು ಶುರುಮಾಡಿದರು. ಏಜೆಂಟ್ ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಒಯ್ಯುತ್ತಿದ್ದ. ನಮ್ಮಲ್ಲಿಗೆ ಬರುತ್ತಿದ್ದ ಏಜೆಂಟ್ ಸಂಜೆಯ ಗದ್ದಲಕ್ಕೆ ಮುಂಚೆ ಬಂದು ನಿಲ್ಲುತ್ತಿದ್ದ. ಕೊಡದೆ ಕಳಿಸಿದರೆ ಪಕ್ಕದ ಅಂಗಡಿಯವನಿಗೂ ಗೊತ್ತಾಗುತ್ತದೆ ಎಂಬ ನಾಚಿಕೆಯೇ ಉಳಿತಾಯದ ಅರ್ಧ ಕಾರಣ. ಇಲಾಖೆಯ ಬಿಲ್ಲು ಪಿಗ್ಮಿ ಪುಸ್ತಕದ ಮೇಲೆ ಪಡೆದ ಸಾಲದಿಂದ ಎಷ್ಟೋ ಸಲ ತೀರಿತು.

2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. 2006ರಲ್ಲಿ ಬಿಎಸ್‌ಎನ್‌ಎಲ್ ದೇಶದೊಳಗೆ ಎಲ್ಲಿಗೆ ಮಾತಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಿತು. ಗಾಜಿನ ಗೂಡು ಇದ್ದ ಜಾಗಕ್ಕೆ ಝೆರಾಕ್ಸ್ ಯಂತ್ರ ಬಂತು. ಸಾಲ ಅಷ್ಟರಲ್ಲಿ ತೀರಿದ್ದರಿಂದ ಯಾರೂ ಅಳಲಿಲ್ಲ.

ಈಗ ಅದೇ ಮಳಿಗೆಯಲ್ಲಿ ಅಣ್ಣನ ಮಗಳು ತೊಡದೇವು ಮಾರುತ್ತಾಳೆ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ತೆಳ್ಳಗೆ ಬಳಿದು ಎಬ್ಬಿಸುವ ತಿನಿಸಿಗೆ ದುಬಾರಿ ಯಂತ್ರ ಬೇಡ, ಪಳಗಿದ ಕೈ ಬೇಕು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಆಹಾರ ಇಲಾಖೆಯ ಸಣ್ಣ ನೋಂದಣಿಗೆ ವರ್ಷಕ್ಕೆ ನೂರು ರೂಪಾಯಿ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನ ಕೇಳುವುದಿಲ್ಲ. ಅಣ್ಣ ತಿಂಗಳುಗಟ್ಟಲೆ ಅಲೆದ ಕಾಗದಪತ್ರಗಳಲ್ಲಿ ಹೆಚ್ಚಿನವು ಅವಳ ಫೋನಿನಲ್ಲೇ ಮುಗಿದವು. ಇದು ನಿಜವಾದ ಸುಧಾರಣೆ. ‘ನಮ್ಮ ಕಾಲವೇ ಚೆನ್ನಾಗಿತ್ತು’ ಎನ್ನಲು ನನಗೆ ಕಾರಣವಿಲ್ಲ.

ಆದರೆ ಹಣ ಹರಿಯುವ ದಿಕ್ಕು ತಿರುಗಿದೆ. ಅಣ್ಣನಿಗೆ ನಗದು ಮೊದಲು, ಬಿಲ್ಲು ಆಮೇಲೆ. ಇವಳಿಗೆ ಅಕ್ಕಿ, ಕಟ್ಟಿಗೆ, ಕೆಲಸದವರ ಕೂಲಿ ಇವತ್ತೇ. ಬೆಂಗಳೂರಿನ ಅಂಗಡಿಗಳು ದುಡ್ಡು ಕಳಿಸುವುದು ಮಾಲು ಖಾಲಿಯಾದ ಮೇಲೆ. ಆ ಕಂದಕಕ್ಕೆ ಸಾಲ ಕೊಡಲು, ಹಣ ಬಂದದ್ದನ್ನು ಕೂಗಿ ಹೇಳುವ ಕ್ಯೂಆರ್ ಪೆಟ್ಟಿಗೆಯವರು ಸಿದ್ಧರಿದ್ದಾರೆ. ಕಂತನ್ನು ದಿನದ ವ್ಯಾಪಾರದಿಂದಲೇ ಮುರಿದುಕೊಳ್ಳುತ್ತಾರೆ. ದಿನಾ ಸ್ವಲ್ಪ ಸ್ವಲ್ಪ ಹೋಗುವುದು ಪಿಗ್ಮಿಯ ಹಾಗೆಯೇ. ಆದರೆ ಅಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಇಲ್ಲಿ ಸಾಲವೇ ಮೊದಲು.

‘ಅಪ್ಪಚ್ಚಿ, ಈಗ ಸಾಲ ಸಿಗದು ಸುಲಭ, ಬ್ಯಾಡ ಹೇಳದೇ ಕಷ್ಟ’ ಎಂದಳು. ಹೇಳಿದ್ದಾಳೆ ಕೂಡ. ಮುಂಗಡ ಕಳಿಸದ ಅಂಗಡಿಗಳಿಗೆ ಮಾಲು ನಿಲ್ಲಿಸಿದ್ದಾಳೆ. ಗಿರಾಕಿಗಳು ಅರ್ಧಕ್ಕೆ ಇಳಿದಿದ್ದಾರೆ. ಸೊಸೈಟಿಯಲ್ಲಿ ಪಿಗ್ಮಿ ಖಾತೆಯನ್ನೂ ತೆರೆದಿದ್ದಾಳೆ. ವ್ಯಾಪಾರ ದೊಡ್ಡದಾಗಿಲ್ಲ, ಸದ್ಯಕ್ಕೆ ಆಗುವಂತೆಯೂ ಕಾಣುವುದಿಲ್ಲ. ಆದರೆ ತಿಂಗಳ ಕೊನೆಗೆ ಗಲ್ಲಾದಲ್ಲಿ ಉಳಿದದ್ದು ಅವಳದೇ. ಕಡಿಮೆ ಬಂಡವಾಳದವರು ಅಂಗಡಿಯ ಹೆಸರು ಬರೆಸುವುದಕ್ಕೂ ಮೊದಲು ಹಾಕಬೇಕಾದ ಲೆಕ್ಕ ಇದೊಂದೇ.